ಓಲ್ಡ್ ಎಟೋನಿಯನ್ಸ್ ಫುಟ್‌ಬಾಲ್ ಕ್ಲಬ್

ಓಲ್ಡ್ ಎಟೋನಿಯನ್ಸ್ ಇಂಗ್ಲೆಂಡಿನ ಈಟನ್ ಕಾಲೇಜು ಎಂಬ ಶಾಲೆಯ ಹಳೆಯ ವಿದ್ಯಾರ್ಥಿಗಳ ಫುಟ್‌ಬಾಲ್ ಕ್ಲಬ್. ಹವ್ಯಾಸಿ ಆಟಗಾರರ ಈ ತಂಡವು ಎಫ್.ಎ. ಕಪ್ ಸ್ಪರ್ಧೆಯ ಅಂತಿಮ ಪಂದ್ಯವನ್ನು ಆರು ಬಾರಿ ಆಡಿ, 1879 ಮತ್ತು 1882ರಲ್ಲಿ ಜಯಗಳಿಸಿತು.

ಇತಿಹಾಸ

1881ರ ಅಂತಿಮ ಪಂದ್ಯದಲ್ಲಿ ಸೆಣಸಿದ ಎರಡೂ ತಂಡಗಳು ಹಳೆಯ ವಿದ್ಯಾರ್ಥಿಗಳವೇ ಆಗಿದ್ದವು. ಚಾರ್ಟರ್‌ಹೌಸ್ ಶಾಲೆಯ ಓಲ್ಡ್ ಕಾರ್ತೂಸಿಯನ್ಸ್ ತಂಡವು 3–0 ಗೋಲುಗಳಿಂದ ಗೆದ್ದಿತು. 1883ರಲ್ಲಿ ಎದುರಾಳಿಯಾಗಿದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡದಲ್ಲಿ ನೇಕಾರರು ಮೊದಲಾದ ಕಾರ್ಮಿಕರಿದ್ದರು. ಊರಿನ ಉದ್ಯಮಿಯೊಬ್ಬರ ನೆರವಿನಿಂದ ಆ ತಂಡವು ಪಂದ್ಯಕ್ಕೆ ಮುನ್ನ ವಿಶೇಷ ತರಬೇತಿ ಪಡೆದಿತ್ತು. ಆರ್ಥರ್ ಡನ್ ಗಾಯಗೊಂಡು ಹೊರನಡೆದುದರಿಂದ ಹತ್ತು ಮಂದಿಯಷ್ಟೇ ಉಳಿದ ಎಟೋನಿಯನ್ಸ್ ತಂಡವು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೋತಿತು. 1885ರಲ್ಲಿ ವೃತ್ತಿಪರ ಆಟಕ್ಕೆ ಅನುಮತಿ ದೊರೆಯಿತು. ಬಳಿಕ ಯಾವ ಹಳೆಯ ವಿದ್ಯಾರ್ಥಿಗಳ ತಂಡವೂ ಈ ಕಪ್ ಗೆದ್ದಿಲ್ಲ.

ಡನ್ ಅವರ ಸ್ಮರಣಾರ್ಥ 1902–03ರಲ್ಲಿ ಆರಂಭವಾದ ಆರ್ಥರ್ ಡನ್ ಕಪ್ ಇಂತಹ ತಂಡಗಳಿಗೇ ಮೀಸಲಾಗಿದೆ.