ಆಟಿಯ ತಿಂಗಳ ಕಾಪು

ಕಡಲ ತೀರದ ಊರೊಂದನ್ನು ನೋಡಬಯಸುವವರು ಬಹುಮಟ್ಟಿಗೆ ಚಳಿಗಾಲದ ನಿರ್ಮಲಾಕಾಶವನ್ನೂ ಶಾಂತಸಮುದ್ರವನ್ನೂ ನೆನೆದು ಹೊರಡುತ್ತಾರೆ. ಆದರೆ ಉಡುಪಿಯ ದಕ್ಷಿಣಕ್ಕೆ ಮಂಗಳೂರಿನ ಹೆದ್ದಾರಿಯ ಮೇಲಿರುವ ಕಾಪುವನ್ನು, ಪೆರ್ಡೂರಿನಿಂದ ಹಿರಿಯಡಕ, ಮಣಿಪಾಲಗಳನ್ನು ದಾಟಿ ಕಡಲಿಗಿಳಿಯುವ ನನ್ನಂಥವನು ಪರವೂರಿನವರಿಗೆ ತೋರಿಸಬೇಕಾಗಿ ಬಂದರೆ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಳೆ ಹಿಡಿದು ನಿಲ್ಲುವ ಆಟಿ ತಿಂಗಳಿನಲ್ಲಿಯೇ ತೋರಿಸಬೇಕು. ಆಗ ಕಡಲಿನಲ್ಲಿ ಈಜುವಂತಿಲ್ಲ, ಮರಳಿನ ಮೇಲೆ ಬಹಳ ಹೊತ್ತು ಕೂರುವಂತೆಯೂ ಇಲ್ಲ. ಊರು ಮಾತ್ರ ಆಗಲೇ ತನ್ನ ನಿಜರೂಪದಲ್ಲಿರುತ್ತದೆ.

ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಎದ್ದು ನಿಂತ, ಸುಮಾರು 27 ಮೀಟರು ಎತ್ತರದ, ಕಪ್ಪು ಬಿಳಿ ಪಟ್ಟೆಗಳ ದೀಪಸ್ತಂಭವೇ ಕಾಪುವಿನ ಮೊದಲ ಗುರುತು. ಚಿತ್ರಪಟಗಳಲ್ಲಿ ಅದು ಸೂರ್ಯಾಸ್ತದ ಅಲಂಕಾರವಾಗಿ ಕಾಣುವುದುಂಟು. ಆಟಿಯಲ್ಲಿ ತೆರೆಯೊಂದು ಬಂಡೆಗೆ ಬಡಿದು ನೊರೆ ಮೇಲಕ್ಕೆ ಚಿಮ್ಮಿ, ಗಾಳಿಯಲ್ಲಿ ಉಪ್ಪುನೀರಿನ ಹನಿ ಮುಖಕ್ಕೆ ರಾಚಿದಾಗ, ಇಲ್ಲಿ ದೀಪವನ್ನು ಏತಕ್ಕಾಗಿ ಹಚ್ಚಿದರೆಂಬುದು ತಾನಾಗಿಯೇ ಮನದಟ್ಟಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನಿನ ಸಂತಾನಕಾಲವೆಂದು ಯಾಂತ್ರೀಕೃತ ದೋಣಿಗಳಿಗೆ ಕಡಲು ನಿಷಿದ್ಧ; ನಾಡದೋಣಿಯವರು ಕಡಲು ತುಸು ಇಳಿದ ದಿನ ನೋಡಿ ಹೋಗುತ್ತಾರೆ. ನೂಲಹುಣ್ಣಿಮೆಯ ಹೊತ್ತಿಗೆ ಕರಾವಳಿಯ ಮೊಗವೀರರು ಸಮುದ್ರರಾಜನಿಗೆ ಹಾಲು ತೆಂಗಿನಕಾಯಿಗಳನ್ನರ್ಪಿಸಿ ಪೂಜಿಸುವರು.

ಕೆಲಸ ಕಡಮೆಯಾಗಿ, ಕಣಜ ಬರಿದಾಗಿ, ರೋಗರುಜಿನಗಳು ತಲೆಯೆತ್ತುತ್ತಿದ್ದ ಈ ಮಾಸದಲ್ಲಿ ತುಳುನಾಡಿನ ಮನೆಬಾಗಿಲುಗಳಿಗೆ ತಾಳೆಗರಿಯ ಕೊಡೆ ಹಿಡಿದ ಆಟಿ ಕಳೆಂಜ ಬಂದು ಮಾರಿಯನ್ನು ಕಳೆದು ಹೋಗುತ್ತಾನೆ. ಕಾಪುವಿನಲ್ಲಿಯಾದರೋ ಆ ಮಾರಿಯೇ ತಾಯಿಯಾಗಿ ನೆಲೆನಿಂತಿದ್ದಾಳೆ. ಹಳೇ ಮಾರಿಗುಡಿ, ಹೊಸ ಮಾರಿಗುಡಿ, ಮೂರನೆಯ ಮಾರಿಗುಡಿ ಎಂದು ಒಂದೇ ಊರಿನಲ್ಲಿ ಅವಳಿಗೆ ಮೂರು ಗುಡಿಗಳು. ಸುಗ್ಗಿ, ಆಟಿ, ಜಾರ್ದೆ ಎಂಬ ತುಳು ತಿಂಗಳುಗಳಲ್ಲಿ ವರ್ಷಕ್ಕೆ ಮೂರು ಮಾರಿಪೂಜೆಗಳು, ಮಂಗಳವಾರ ತೊಡಗಿ ಬುಧವಾರಕ್ಕೆ ಮುಗಿಯುವಂಥವು. ಸುಗ್ಗಿಯ ಪೂಜೆಗೆ ನೆರೆಯುವ ಜನಸಾಗರ ಹಿರಿದು, ನಿಜ. ಆದರೂ ಸುರಿಯುವ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆಯನ್ನೂ ಇನ್ನೊಂದರಲ್ಲಿ ಹರಕೆಯ ಕೋಳಿಯನ್ನೂ ಹಿಡಿದು, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯನ್ನು ನೆನೆಯದಂತೆ ಎದೆಗವಚಿಕೊಂಡು ಸರದಿಯಲ್ಲಿ ನಿಂತಿರುವ ಹೆಂಗಸರನ್ನು ಕಂಡಾಗ ಉಂಟಾಗುವ ಗೌರವ ಬೇರೆಯೇ ತೆರನಾದದ್ದು. ಆ ಮಲ್ಲಿಗೆ ಬರುವುದು ಸಮೀಪದ ಶಂಕರಪುರದಿಂದ. 800 ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಳೆಗಾಲದಲ್ಲಿ ಹೂವಿನ ಇಳುವರಿ ಕುಗ್ಗುವುದರಿಂದ ಅಮ್ಮನಿಗೆ ಒಪ್ಪಿಸುವ ಒಂದೊಂದು ಚೆಂಡೂ ಬಡವರಿಗೆ ಭಾರವೇ.

ಊಟದ ಮಾತನ್ನು ಹೇಳದೆ ಆಟಿಯ ವರ್ಣನೆ ಪೂರ್ಣವಾಗದು. ಬಂಗುಡೆ, ಬೂತಾಯಿಗಳ ಪುಳಿಮುಂಚಿ, ಅದರೊಡನೆ ನೀರುದೋಸೆ, ಇವು ಹೋಟೆಲುಗಳಲ್ಲಿ ವರ್ಷವಿಡೀ ದೊರೆಯುವಂಥವು. ಪತ್ರೊಡೆಗೆ ಮಾತ್ರ ಮನೆಯೇ ಆಗಬೇಕು. ಮಳೆಗೆ ಚಿಗುರಿದ ಕೆಸುವಿನೆಲೆಯ ಬೆನ್ನಿನ ದಪ್ಪ ನರವನ್ನು ಹೆರೆದು, ನೆನೆದ ಅಕ್ಕಿಯನ್ನು ಮೆಣಸು, ಕೊತ್ತಂಬರಿ, ಬೆಲ್ಲಗಳೊಡನೆ ರುಬ್ಬಿ, ಗಂಟಲು ತುರಿಸದಿರಲೆಂದು ಹುಣಿಸೆಯನ್ನು ಧಾರಾಳವಾಗಿಯೇ ಸೇರಿಸಿ, ಎಲೆಯ ಮೇಲೆ ಎಲೆಯಿಟ್ಟು ಹಿಟ್ಟು ಬಳಿದು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿ, ಮರುದಿನ ಚೂರು ಮಾಡಿ ತೆಂಗಿನ ತುರಿಯ ಒಗ್ಗರಣೆ ಕೊಟ್ಟ ಪತ್ರೊಡೆಯ ರುಚಿಗೆ ಸರಿಸಮವಾದುದು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಆಟಿ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮುನ್ನ, ಕಬ್ಬಿಣ ಸೋಕಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆದ ಪಾಲೆಮರದ ತೊಗಟೆಯ ಕಹಿ ಕಷಾಯವನ್ನು ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿದು, ದೇಹ ತಂಪಾಗಲೆಂದು ಮೆಂತೆಯ ಗಂಜಿಯನ್ನುಣ್ಣುವರು. ಮರವನ್ನು ಬಲ್ಲ ಹಿರಿಯರೇ ತೊಗಟೆ ತರಬೇಕು. ಕತ್ತಲಲ್ಲಿ ಬೇರೆ ಮರವೆಂದು ತಿಳಿಯದೆ ಕೆತ್ತಿದರೆ ಪ್ರಾಣಾಪಾಯ.

ಆಟಿಗೆ ತವರಿಗೆ ಹೋದ ಹೊಸ ಮದುಮಗಳು ತಿಂಗಳು ಕಳೆದು ಗಂಡನನ್ನು ಕೂಡಿಕೊಳ್ಳುತ್ತಾಳೆ. ಅನಂತರ ಬರುವ ಸೋಣ ಸಂಕ್ರಮಣದಂದು ಸುತ್ತಣ ಊರುಗಳ ನವದಂಪತಿಗಳು ನಮ್ಮ ಪೆರ್ಡೂರಿನ ಅನಂತಪದ್ಮನಾಭನ ಸನ್ನಿಧಿಗೆ ಬಂದು, ಕದಳೀಪ್ರಿಯನಾದ ದೇವರಿಗೆ ಬಾಳೆಹಣ್ಣಿನ ಹರಕೆ ಒಪ್ಪಿಸುವರು. ಜನ ಅದನ್ನು ಮದುಮಕ್ಕಳ ಜಾತ್ರೆಯೆಂದೇ ಕರೆಯುತ್ತಾರೆ. ಕಾಪುವಿನಲ್ಲಿ ಆಟಿಯ ಮಾರಿಪೂಜೆಯನ್ನು ಕಂಡವರು ಕೆಲದಿನ ಈ ಸೀಮೆಯಲ್ಲಿಯೇ ಉಳಿದು ಆ ಜಾತ್ರೆಗೂ ಅವಶ್ಯವಾಗಿ ಬರಬೇಕು.