ಬೀಳುವ ಡ್ರೋನ್‌ಗೆ ಭೇದವಿಲ್ಲ
ರಾಷ್ಟ್ರೀಯ ಹೆದ್ದಾರಿ 66 ಮತ್ತು 169 ಕೂಡುವ ನಮ್ಮ ನಂತೂರು ವೃತ್ತದಲ್ಲಿ ಡ್ರೋನೊಂದು ಕಳಚಿ ಬಿದ್ದರೆ, ಗಾಯಗೊಳ್ಳುವ ದಾರಿಹೋಕನಿಗೆ ಅದನ್ನು ಹಾರಿಸಿದವನು ಮದುವೆಯ ಛಾಯಾಗ್ರಾಹಕನೋ ಹವ್ಯಾಸಿಯೋ ಎಂಬುದು ಮುಖ್ಯವಲ್ಲ. ಕಾನೂನಿಗೆ ಅದು ಮುಖ್ಯ. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂ ಮೀರಿದ, 2 ಕಿಲೋದೊಳಗಿನ ಡ್ರೋನನ್ನು ಸಂಪಾದನೆಗಾಗಿ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಕಡ್ಡಾಯ, ಹವ್ಯಾಸಿಗೆ ವಿನಾಯಿತಿ. ನೋಂದಣಿ, ವಿಮೆ, ವಾಯುವಲಯದ ನಕ್ಷೆ ಪರಿಶೀಲಿಸುವ ಹೊಣೆ ಮಾತ್ರ ಇಬ್ಬರಿಗೂ ಸಮಾನ. ವಿಮಾನ ನಿಲ್ದಾಣವನ್ನು ಮಗ್ಗುಲಲ್ಲಿಟ್ಟುಕೊಂಡ ಮಂಗಳೂರಿಗೆ ಇಷ್ಟು ಸಾಲದೆಂಬುದು ನನ್ನ ಅಭಿಪ್ರಾಯ. ಸಂತೋಷ ಒಬ್ಬನದು, ಅಪಾಯ ಪರರದು ಆದಾಗ ಪ್ರಭುತ್ವ ನಡುವೆ ಬರಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಹವ್ಯಾಸಿಗೆ ದುಬಾರಿ ತರಬೇತಿ ಬೇಡ. ಅಮೆರಿಕದಲ್ಲಿ 2021ರಿಂದ ಹವ್ಯಾಸಿಗಳಿಗೂ ಉಚಿತ ಸುರಕ್ಷತಾ ಪರೀಕ್ಷೆಯಿದೆ. ನಮ್ಮಲ್ಲೂ ಅಂಥದೊಂದನ್ನು ಕನ್ನಡದಲ್ಲಿ, ನೋಂದಣಿಯ ಜತೆಗೇ ನಡೆಸಲು ಸರ್ಕಾರ ಮುಂದಾಗಲಿ.