ಜೇನು ಮರೆಯಾದರೆ ಎಷ್ಟು ಗೆರೆಗಳು ಅಳಿಯುತ್ತವೆ?

ಕಂಬಂ ಕಣಿವೆಯ ಮೇಲಣ ಬೆಟ್ಟಗಳಲ್ಲಿ ಏಲಕ್ಕಿ ಹೂವು ಕಾಯಿಗಟ್ಟುವುದು ಬಹುಮಟ್ಟಿಗೆ ತುಡುವೆ, ಹೆಜ್ಜೇನುಗಳ ಪರಾಗಸ್ಪರ್ಶದಿಂದ. ಇಂತಹ ನಂಟುಗಳನ್ನು ಚಿತ್ರವಾಗಿ ಕಾಣಿಸಬಲ್ಲ ಮುಕ್ತ ತಂತ್ರಾಂಶ ಸೈಟೋಸ್ಕೇಪ್. ಜೀವಕೋಶದೊಳಗಿನ ಪ್ರೋಟೀನು, ಜೀನುಗಳ ಸಂಬಂಧಗಳನ್ನು ಅರಿಯಲು ರೂಪುಗೊಂಡ ಇದನ್ನು 2003ರ ಸಂಶೋಧನಾ ಲೇಖನವೊಂದು ವಿವರಿಸಿತು. ಬಳಕೆಗೆ ಶುಲ್ಕವಿಲ್ಲ.

ಎರಡು ಕಾಲಂಗಳ ಪಟ್ಟಿ ಸಾಕು: ಒಂದರಲ್ಲಿ ಕೀಟ, ಇನ್ನೊಂದರಲ್ಲಿ ಅದು ಅರಸಿ ಬರುವ ಹೂವು. ಪ್ರತಿ ಹೆಸರೂ ಬಿಂದುವಾಗುತ್ತದೆ, ಪ್ರತಿ ನಂಟೂ ಗೆರೆಯಾಗುತ್ತದೆ. ತುಡುವೆಯ ಬಿಂದುವನ್ನು ಅಳಿಸಿದರೆ ಅದರ ಗೆರೆಗಳೆಲ್ಲವೂ ಅಳಿಯುತ್ತವೆ. ಹೂ ಬಿಟ್ಟ ವೇಳೆ ಕೀಟನಾಶಕ ಸಿಂಪಡಿಸಿದರೆ ನಾವು ಕಳೆದುಕೊಳ್ಳುವುದೇನೆಂಬುದು ಆಗ ಮಕ್ಕಳಿಗೂ ಕಣ್ಣಿಗೆ ಕಟ್ಟುತ್ತದೆ.

ತೇನಿ, ದಿಂಡಿಗಲ್ಲಿನ ಕನ್ನಡ ಮನೆಗಳಲ್ಲಿ ಗಣಕಕ್ಕೆ ಮೊದಲು ನೋಟುಪುಸ್ತಕದಲ್ಲಿ, ಮನೆಮಾತಿನ ಹೆಸರುಗಳಲ್ಲೇ ಈ ಪಟ್ಟಿಯನ್ನು ಬರೆಸೋಣ.